ಬಾಡಿಗೆಗೆ ಇದೆ, ಎಲ್ಲರಿಗೂ

ಪತ್ರಿಕೆಯ ಜಾಹೀರಾತು ವಿಭಾಗಕ್ಕೆ ಸೇರಿದ ಹೊಸದರಲ್ಲಿ, ದಿನವಿಡೀ ಫೋನು ಹಿಡಿದು ಕಂಡಕಂಡವರ ಬಾಡಿಗೆ ಮನೆಯ ನಲ್ಲಿ, ಕಿಟಕಿ, ಬಚ್ಚಲುಗಳನ್ನು ವಿಚಾರಿಸುತ್ತಿದ್ದ ನಮ್ಮ ಮೇಲಧಿಕಾರಿಯನ್ನು ನೋಡಿ, ಪಾಪ, ಸೂರಿಲ್ಲದ ಜೀವವೆಂದು ಮರುಗಿ, ಕಾಲು ಚಾಚಿದರೆ ಗೋಡೆಗೆ ತಾಗುವ ನನ್ನ ಕೋಣೆಯಲ್ಲಿ ಪಾಲು ಕೊಡುತ್ತೇನೆಂದೆ. ಅವರು ಕನ್ನಡಕದ ಮೇಲಿನಿಂದ ನೋಡಿ, "ಹೋಗಲಿ ಬಿಡಪ್ಪಾ, ಬೆಳಕು ಬರುತ್ತಾ?" ಎಂದರು. ಇಡೀ ವಿಭಾಗ ನಕ್ಕಿತು; ನನ್ನ ಔದಾರ್ಯ ಅಲ್ಲಿಗೆ ಮುಗಿಯಿತು.

ಕಚೇರಿಯಲ್ಲಿ ಅವರಿಗೆ 'ಕತ್ತರಿ' ಎಂದೇ ಹೆಸರು. ಮೊಣಕೈ ಸವೆದ ಬೂದುಬಣ್ಣದ ಕೋಟು, ಮೇಜುಗಳ ನಡುವೆ ಅಡ್ಡಡ್ಡ ಸರಿಯುವ ಏಡಿಯ ನಡಿಗೆ, ಬಾಯಲ್ಲಿ ಸದಾ "ಹೋಗಲಿ ಬಿಡಿ". ಆದರೆ ಅವರು ಏನನ್ನಾದರೂ ಬಿಟ್ಟದ್ದನ್ನು ಕಂಡವರಿಲ್ಲ. 'ಸಂಸಾರಸ್ಥರಿಗೆ ಮಾತ್ರ', 'ನಮ್ಮ ಜನಕ್ಕೆ ಆದ್ಯತೆ' ಎಂಬಂಥ ಸಾಲು ಕಂಡರೆ ಸಾಕು, ಕೆಂಪು ಗೀಟು ಬೀಳುತ್ತಿತ್ತು, ಮನೆಯ ಯಜಮಾನರಿಗೆ ಫೋನು ಹೋಗುತ್ತಿತ್ತು.

"ಒಂಟಿ ಹೆಂಗಸರು ಬೇಡ ಅಂತ ಹಾಕಿದ್ರೆ ನಿಮ್ಮಪ್ಪನ ಗಂಟೇನ್ರೀ ಹೋಗುತ್ತೆ?" ಎಂದು ಒಬ್ಬ ಯಜಮಾನರು ರೇಗಿದಾಗ, ಇವರದು ತಣ್ಣನೆಯ ಉತ್ತರ: "ಹೋಗಲಿ ಬಿಡಿ, ಅಡುಗೆಮನೆ ಕಿಟಕಿ ಯಾವ ಕಡೆ? ಮನೆ ಬಗ್ಗೆ ಎಷ್ಟು ಬೇಕಾದ್ರೂ ಹಾಕ್ತೀನಿ. ಬರೋರ ಬಗ್ಗೆ ಒಂದಕ್ಷರ ಹಾಕಲ್ಲ."

ಕೊನೆಗೆ ಜಾಹೀರಾತಿನಲ್ಲಿ ಉಳಿದದ್ದು ಪೂರ್ವದ ಕಿಟಕಿ, ಎರಡು ಕೋಣೆ, ಫೋನ್ ನಂಬರು.

ಇದ್ದ ಕೋಣೆಯನ್ನು ಆ ವಾರವೇ ಖಾಲಿ ಮಾಡಬೇಕಿದ್ದ ನರ್ಸ್ ಒಬ್ಬರು ಆ ಜಾಹೀರಾತನ್ನು ನಂಬಿ ಹೋದರು. ಫೋನಿನಲ್ಲಿ ಹೂಂ ಅಂದಿದ್ದ ಯಜಮಾನರು, ಜೊತೆಗೆ ಗಂಡನಿಲ್ಲವೆಂದು ತಿಳಿದೊಡನೆ ಗೇಟಿನಿಂದಲೇ ಸಾಗಹಾಕಿದರು. ಮರುದಿನ ಆಕೆ ನಮ್ಮ ಕೌಂಟರಿಗೆ ಬಂದರು.

"ಬೇಡ ಅಂತ ನೀವೇ ಹಾಕಿಬಿಟ್ಟಿದ್ರೆ, ಬೀದೀಲಿ ನಿಂತು ಅನ್ನಿಸಿಕೊಳ್ಳೋದಾದ್ರೂ ತಪ್ತಿತ್ತಲ್ಲ ಅಣ್ಣಾ. ಈಗ ನಾನೆಲ್ಲಿಗೆ ಹೋಗ್ಲಿ?"

ಆ ಯಜಮಾನರ ಜಾಹೀರಾತನ್ನು ಇನ್ನೆಂದೂ ಹಾಕುವುದಿಲ್ಲವೆಂದು ನಮ್ಮ ಮೇಲಧಿಕಾರಿ ತಡವರಿಸಿದರು. ಅದು ಆಕೆಗೆ ಬೇಕಾದ ಉತ್ತರವಾಗಿರಲಿಲ್ಲ.

ಕಾಗದದ ಮೇಲೆ ಲೋಕವನ್ನು ಗುಡಿಸಿ ಹಸನು ಮಾಡುವ ಇಂಥವರಿಲ್ಲದಿದ್ದರೆ ನಮ್ಮ ಮಾತು ಇನ್ನಷ್ಟು ಕೊಳಕಾಗಿರುತ್ತಿತ್ತು, ನಿಜ. ಆದರೆ ಅವರ ಪೊರಕೆ ಸಾಮಾನ್ಯವಾಗಿ ಸ್ವಂತ ಹೊಸಿಲಿನ ಹೊರಗೇ ನಿಲ್ಲುತ್ತದೆ. ಸಂಬಳಕ್ಕಾಗಿ ಅವರು ತಿದ್ದಿದ್ದನ್ನು ಟೈಪು ಮಾಡುವ ನಾನಂತೂ ಪೊರಕೆಯನ್ನೇ ಹಿಡಿದವನಲ್ಲ. ಆದರೂ ಆಕೆ ಮೆಟ್ಟಿಲಿಳಿದು ಹೋದಮೇಲೆ ನನ್ನ ಬಾಯಿ ಸುಮ್ಮನಿರಲಿಲ್ಲ.

"ಸಾರ್, ನಿಮ್ಮ ಮನೆ ಮಹಡಿ ಖಾಲೀನೇ ಇದೆಯಲ್ಲ. ಅವರಿಗೆ ಕೊಡೋಕೆ ಅಮ್ಮಾವ್ರು ಒಪ್ಪಲ್ವಾ?"

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಒಪ್ತಾಳೆ. ಅದಕ್ಕೇ ಅವಳನ್ನ ಕೇಳಲಿಲ್ಲ."