ಕರಿ ಉಣ್ಣೆ ಕಟ್ಟಿದ ವಾಯರ್

ಸಾಂಗ್ಲಿ ಹತ್ತಿರದ ಕುಪವಾಡದ ಆ ಓಣಿಯಲ್ಲಿ ರಾಜಕುಮಾರನ ಕಾರು ಬಂದದ್ದು ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತಿತ್ತು. ತಿರುವಿನಲ್ಲಿ ವೇಗ ತಗ್ಗಿಸಿದನೆಂದರೆ ಸಾಕು, ಎಂಜಿನ್ನು ಬೀಡಿ ಸೇದುವ ಮುದುಕನ ಹಾಗೆ ಕೆಮ್ಮುತ್ತಿತ್ತು. ಒಳಗೆ ರೊಟ್ಟಿ ಬಡಿಯುತ್ತಿದ್ದ ತುಳಸವ್ವ ಹಿಟ್ಟಿನ ಕೈಯಲ್ಲೇ ಎದ್ದು ಬಂದು ಗೇಟಿನ ಚಿಲಕ ತೆಗೆಯುತ್ತಿದ್ದಳು. ಮನೆಯ ಮುಂದೆ ಹಾರ್ನ್ ಹೊಡೆಯುವ ಪ್ರಸಂಗ ಹಿರಿಯ ಮಗನಿಗೆ ಒಮ್ಮೆಯೂ ಬಂದಿರಲಿಲ್ಲ.

ಕಾರೂ ಅಂಥದ್ದೇ. ಎರಡು ಬಾಗಿಲು, ಎರಡು ಸೀಟು, ಮಡಚಿಡುವ ಕ್ಯಾನ್ವಾಸಿನ ಚಾವಣಿ, ಒಂದು ಕಾಲಕ್ಕೆ ಕೆಂಪಗಿದ್ದ ಬಣ್ಣ. ಮಿರಜದ ಒಬ್ಬ ಡಾಕ್ಟರರ ಬಂಗಲೆಯ ಹಿಂದೆ ಕೋಳಿಗಳು ಅದರೊಳಗೆ ಮೊಟ್ಟೆ ಇಡುತ್ತಿದ್ದವು. ರಾಜಕುಮಾರ ಅದನ್ನು ಎಳೆದು ತಂದು, ಸಿಗದ ಭಾಗಗಳನ್ನು ತನ್ನದೇ ಲೇತ್ ಮಶೀನಿನಲ್ಲಿ ಕಡೆದು, ಓಡುವ ಹಾಗೆ ಮಾಡಿದ್ದ. ಜತ್ ಕಡೆಯ ಹಳ್ಳಿಯಲ್ಲಿ ಕುರಿ ಕಾಯ್ದ ಮನೆತನಕ್ಕೆ ಒಮ್ಮೆಲೇ ಅರವತ್ತು ಕುದುರೆಗಳ ಶಕ್ತಿ ಬಂದು ಅಂಗಳದಲ್ಲಿ ನಿಂತಿತು. ಅದು ಕಾರಲ್ಲ, ಕಾರುಬಾರು ಎಂದು ತಮ್ಮ ವಿಜಯಕುಮಾರ ಅಣಕಿಸುತ್ತಿದ್ದ.

ಅಣಕಿಸುವುದು ವಿಜಯಕುಮಾರನ ಹುಟ್ಟುಗುಣ. ಮಿರಜ ಸ್ಟೇಶನ್ನಿನ ಘೋಷಣೆಯ ಹೆಂಗಸು, 'ಸಾಂಗ್ಲಿ ಸಾಂಗ್ಲಿ' ಎಂದು ಕೂಗುವ ರಿಕ್ಷಾದವರು, ಸಿತಾರ್ ಅಂಗಡಿಯಲ್ಲಿ ತಂತಿ ಬಿಗಿಯುವಾಗ ಏಳುವ ನರಳಿಕೆ, ಎಲ್ಲವೂ ಅವನ ಗಂಟಲಲ್ಲಿ ಬಾಡಿಗೆಗಿದ್ದವು. ಅಣ್ಣನ ದನಿಯನ್ನಂತೂ ಅಣ್ಣನಿಗಿಂತ ಚೆನ್ನಾಗಿ ಹೊರಡಿಸುತ್ತಿದ್ದ. ಕೆಲಸವೂ ಹಾಗೇ ಸಿಕ್ಕಿತ್ತು. ಮಿರಜದ ದೊಡ್ಡ ದವಾಖಾನೆಯೊಂದರಲ್ಲಿ, ಅಥಣಿ ಜಮಖಂಡಿ ಕಡೆಯಿಂದ ಬರುವ ರೋಗಿಗಳಿಗೆ ಡಾಕ್ಟರರ ಮರಾಠಿಯನ್ನು ಕನ್ನಡದಲ್ಲಿ ಹೇಳುವುದು.

ಚೈತ್ರದಲ್ಲಿ ಒಂದು ಮುಂಜಾನೆ ರಾಜಕುಮಾರ ಲೇತ್ ಮಶೀನಿನ ಮೇಲೆಯೇ ಎದೆ ಹಿಡಿದುಕೊಂಡು ಬಿದ್ದ. ಅದೇ ದವಾಖಾನೆಗೆ ತಂದರು. ಡಾಕ್ಟರರು ಹೊರಗೆ ಬಂದು, ಚಸ್ಮಾ ತೆಗೆದು, ಮರಾಠಿಯಲ್ಲಿ ಎರಡು ಮಾತು ಆಡಿದರು. ವಿಜಯಕುಮಾರ ರೂಢಿಯಂತೆ ಪಕ್ಕಕ್ಕೆ ತಿರುಗಿ, ಅದೇ ತಗ್ಗಿದ ದನಿಯಲ್ಲಿ, ನಡುವೆ ಅದೇ ನಿಲುಗಡೆ ಕೊಟ್ಟು, ಕನ್ನಡದಲ್ಲಿ ಹೇಳಿದ.

"ಆಗೂದೆಲ್ಲಾ ಮಾಡೇವ್ರಿ. ಉಳಿಲಿಲ್ರಿ."

ಹೇಳಿದ ಮೇಲೆ ನೋಡಿದರೆ ಎದುರಿಗಿದ್ದದ್ದು ಅವ್ವ. ಹೆತ್ತವ್ವನಿಗೆ 'ರಿ' ಹಚ್ಚಿ, ಯಾರದೋ ಮಗ ಸತ್ತ ಸುದ್ದಿ ಹೇಳಿದ ಹಾಗೆ ಹೇಳಿಬಿಟ್ಟಿದ್ದ.

ಅಂದಿನಿಂದ ಗಂಟಲಿನ ಬಾಡಿಗೆದಾರರೆಲ್ಲ ಮನೆ ಖಾಲಿ ಮಾಡಿದರು. ದಿನಕರ್ಮ ಮುಗಿದ ಮೇಲೆ ತುಳಸವ್ವ ಮಗ್ಗುಲಿಗೆ ಕೂತು, ಒಂದೇ ಒಂದು ಸಲ ಅಣ್ಣನ ಹಾಗೆ 'ಅವ್ವಾ' ಅನ್ನು ಎಂದು ಕೇಳಿದಳು. ಅವನು ಬಾಯಿ ತೆರೆದ. ಗಾಳಿ ಬಂತು. ಅಳುವೂ ಬರಲಿಲ್ಲ. ಹಲ್ಲು ಕೀಳುವ ಮುಂಚೆ ಸೂಜಿ ಚುಚ್ಚುತ್ತಾರಲ್ಲ, ಆಗ ದವಡೆ ಇರುತ್ತದೆ, ತನ್ನದು ಅನ್ನಿಸುವುದಿಲ್ಲ. ಅವನಿಗೆ ಮೈಯೆಲ್ಲ ಹಾಗಾಗಿತ್ತು. ಉಂಡ, ಡ್ಯೂಟಿಗೆ ಹೋದ, ಬಂದ.

ಕಾರನ್ನು ಈಗ ರಾಜಕುಮಾರನ ಹೆಂಡತಿ ಭಾಗ್ಯಾ ನಡೆಸುತ್ತಿದ್ದಳು. ಸಾಂಗ್ಲಿಯ ಕಾಲೇಜಿನಲ್ಲಿ ಲ್ಯಾಬ್ ನೋಡಿಕೊಳ್ಳುವ ಕೆಲಸ ಅವಳದು. ಸ್ಕೂಟಿ ತಗೋ ಎಂದವರಿಗೆಲ್ಲ, ತನಗೆ ಅವರು ಕಲಿಸಿದ್ದು ಇದನ್ನೇ ಎಂದು ಹೇಳಿ ಬಾಯಿ ಮುಚ್ಚಿಸಿದ್ದಳು. ಸಂಜೆ ಅವಳು ತಿರುವಿಗೆ ಬಂದಾಗಲೂ ಕಾರು ಕೆಮ್ಮುತ್ತಿತ್ತು. ತುಳಸವ್ವ ಎದ್ದು ಹೋಗಿ ಚಿಲಕ ತೆಗೆಯುತ್ತಿದ್ದಳು. ಆ ಹೊತ್ತಿಗೆ ಮಾತ್ರ ಮುದುಕಿಯ ನಡಿಗೆಯಲ್ಲಿ ಹಳೆಯ ಅವಸರ ಕಾಣುತ್ತಿತ್ತು. ವಿಜಯಕುಮಾರ ಆ ಕೆಮ್ಮನ್ನು ಮೊಬೈಲಿನಲ್ಲಿ ಹಿಡಿದಿಡಲೂ ನೋಡಿದ. ಕೇಳಿದರೆ ಪತ್ರಾಸಿನ ತಗಡಿನ ಮೇಲೆ ಕಲ್ಲು ಉದುರಿದ ಸಪ್ಪಳ. ಅಣ್ಣನೂ ಅಲ್ಲ, ಕಾರೂ ಅಲ್ಲ.

ಮಳೆಗಾಲದಲ್ಲಿ ಕೆಮ್ಮು ಏರಿತು. ಆಷಾಢದ ಒಂದು ಸಂಜೆ ವಿಶ್ರಾಮಬಾಗದ ರಸ್ತೆಯ ನಟ್ಟನಡುವೆ ಕಾರು ನಿಂತೇಬಿಟ್ಟಿತು. ಹಿಂದೆ ಬಸ್ಸುಗಳ ಹಾರ್ನು. ಛತ್ರಿ ಹಿಡಿದು ನಿಂತ ಗಂಡಸರು, ಗಂಡ ಹೋದಾಕೆಗೆ ಇಂಥ ಷೋಕಿ ಗಾಡಿ ಯಾಕೆ ಎಂದು ಮರಾಠಿಯಲ್ಲಿ ಮಾತಾಡಿಕೊಂಡದ್ದು ಅವಳ ಕಿವಿಗೆ ಬಿತ್ತು. ತಳ್ಳಿದವರೂ ಅವರೇ.

ರವಿವಾರ ಮುಂಜಾನೆ ಅವಳು ಡಿಕ್ಕಿಯಿಂದ ಒಂದು ಪೊಟ್ಟಣ ತಂದು ಮೈದುನನ ಮುಂದಿಟ್ಟಳು. ಒಳಗೆ ನಾಲ್ಕು ಹೊಸ ಪ್ಲಗ್ ವಾಯರ್. ರಾಜಕುಮಾರ ಹೋಗುವ ಮುಂಚೆ ತಂದಿಟ್ಟಿದ್ದು. ಹಳೆಯ ವಾಯರ್ ಕೊಳೆತು ಕಿಡಿ ಪ್ಲಗ್ಗಿಗೆ ಮುಟ್ಟದೆ ದಾರಿಯಲ್ಲೇ ಸೋರಿಹೋಗುತ್ತದೆ, ಕೆಮ್ಮಿಗೆ ಅದೇ ಮೂಲ ಎಂದು ಅವಳಿಗೆ ಹೇಳಿದ್ದನಂತೆ.

"ಭಾವೂಜಿ, ಇನ್ನೊಮ್ಮೆ ನಡು ದಾರ್ಯಾಗ ನಿಂತ್ರ ನಾ ಮಂದಿ ಕಡೆ ತಳ್ಳಿಸ್ಕೊಳ್ಳಂಗಿಲ್ರಿ. ಅಲ್ಲೇ ಯಾರಿಗರೆ ಕೊಟ್ಟು ಬಸ್ ಹತ್ತಿ ಬರ್ತೇನಿ."

ಅವಳು ಹೇಳಿದರೆ ಮಾಡುವವಳು. ವಾಯರ್ ಬದಲಿಸದಿದ್ದರೆ ಕಾರು ಹೋಗುತ್ತದೆ. ಬದಲಿಸಿದರೆ ಕೆಮ್ಮು ಹೋಗುತ್ತದೆ, ಅವ್ವನ ಆ ಅವಸರವೂ ಹೋಗುತ್ತದೆ. ವಿಜಯಕುಮಾರ ಇದನ್ನು ಬೇರೆಯವರ ರಿಪೋರ್ಟ್ ಓದಿದ ಹಾಗೆ ಮನಸ್ಸಿನಲ್ಲೇ ಓದಿಕೊಂಡು, ಬಾನೆಟ್ ಎತ್ತಿದ.

ಕೆಲಸ ಅಣ್ಣನ ಪಕ್ಕದಲ್ಲಿ ನಿಂತು ನೋಡಿದ್ದೇ. ಎಂಜಿನ್ನು ತಣ್ಣಗಿರಬೇಕು. ಎಲ್ಲವನ್ನೂ ಒಮ್ಮೆಲೇ ಕಿತ್ತರೆ ಯಾವುದು ಎಲ್ಲಿಯದೆಂದು ತಿಳಿಯದೆ ಕೆಡುತ್ತದೆ. ಒಂದು ತೆಗೆದು, ಅಷ್ಟೇ ಉದ್ದದ್ದನ್ನು ಅಲ್ಲೇ ಹಾಕಿ, ಆಮೇಲೆ ಮುಂದಿನದು. ವಾಯರ್ ಹಿಡಿದು ಜಗ್ಗಬಾರದು, ತುದಿಯ ರಬ್ಬರ್ ಟೊಪ್ಪಿಗೆ ಹಿಡಿದು ತಿರುವಿ ಎಳೆಯಬೇಕು. ಹೊಸದು ಕೂತರೆ ಬೆರಳಿಗೆ 'ಟಕ್' ಎಂದು ಗೊತ್ತಾಗುತ್ತದೆ. ಮೊದಲನೆಯದು ಟಕ್. ಎರಡನೆಯದು ಟಕ್.

ಮೂರನೆಯದಕ್ಕೆ ಕರಿ ಉಣ್ಣೆಯ ಎಳೆ ಕಟ್ಟಿತ್ತು.

ಅವನ ಕೈ ಹಿಂದೆ ಸರಿಯಿತು. ಬೀರಪ್ಪನ ಗುಡಿಯಲ್ಲಿ ಭಂಡಾರದ ಅರಿಶಿನ ಹಚ್ಚಿ ತಂದ ಕರಿ ಉಣ್ಣೆಯನ್ನು ತುಳಸವ್ವ ಮನೆಯ ಯಾವುದಕ್ಕೂ ಕಟ್ಟದೆ ಬಿಟ್ಟಿರಲಿಲ್ಲ: ಮಕ್ಕಳ ಮುಂಗೈ, ಲೇತ್ ಮಶೀನು, ಮಿಕ್ಸರು, ಗ್ಯಾಸ್ ಸಿಲಿಂಡರು. ಕಟ್ಟಿದ ಎಳೆ ತಾನಾಗಿ ಹರಿದು ಬೀಳಬೇಕು, ಮನುಷ್ಯರ ಕೈಯಿಂದ ಬಿಚ್ಚಬಾರದು. ಬಿ.ಎ. ಓದಿದ ವಿಜಯಕುಮಾರನೂ ತನ್ನ ಮುಂಗೈಯದನ್ನು ಎಂದೂ ಬಿಚ್ಚಿದವನಲ್ಲ. ಆ ವಾಯರನ್ನು ಹಾಗೇ ಬಿಟ್ಟು ನಾಲ್ಕನೆಯದನ್ನು ಬದಲಿಸಿದ.

ಭಾಗ್ಯಾ ಕೀಲಿ ತಿರುವಿದಳು. ಎಂಜಿನ್ನು ಎದ್ದು, ಸ್ವಲ್ಪ ಹೊತ್ತು ಸರಿಯಾಗಿ ಓಡಿ, ಕೆಮ್ಮಿತು. ಅವಳು ಸ್ಟೇರಿಂಗಿನ ಮೇಲೆ ಹಣೆ ಇಟ್ಟಳು. ಒಂದು ಉಳಿದಿದೆ, ಅವ್ವ ಕಟ್ಟಿದ್ದಾಳೆ ಎಂದ ವಿಜಯಕುಮಾರ. ಹಾಗಿದ್ದರೆ ಅವರನ್ನೇ ಕೇಳಿ ಎಂದಳು.

ತುಳಸವ್ವ ಬಂದು ಬಾನೆಟ್ಟಿನೊಳಗೆ ಬಗ್ಗಿ, ಎಳೆಯನ್ನು ಎರಡು ಬೆರಳಲ್ಲಿ ಹೊಸೆದು ನೋಡಿದಳು.

"ಇದು ನಂದಲ್ಲೋ. ನಾ ಏಳ ಎಳಿ ಕೂಡ್ಸಿ ಕಟ್ಟತೇನಿ. ಇದು ಒಂಟಿ ಎಳಿ." ನೆನಪಿಸಿಕೊಂಡಳು. "ರಾಜ್ಯಾ ಒಂದಿನಾ ಉಣ್ಣಿ ಇಸ್ಕೊಂಡ. ಯಾಕೋ ಅಂದ್ರ, ಕೆಟ್ಟದ್ದು ಯಾವುದು ಅಂತ ಗುರುತ ಇರ್ಲಿ ಅಂದ."

ದೇವರದೆಂದು ವಿಜಯಕುಮಾರ ಉಳಿಸಿದ್ದು ಕೆಟ್ಟ ವಾಯರನ್ನೇ. ಬೇರೆ ದಿನವಾಗಿದ್ದರೆ ಈ ಪ್ರಸಂಗವನ್ನು ಅವನು ದವಾಖಾನೆಯ ಕ್ಯಾಂಟೀನಿನಲ್ಲಿ ಅಭಿನಯಿಸಿ ತೋರಿಸುತ್ತಿದ್ದ. ಈಗ ಒರೆಸುವ ಬಟ್ಟೆಯನ್ನು ಮಡಚಿದ.

"ಇದನ್ನ ತಗದ್ರ ಕೆಮ್ಮೂದಿಲ್ಲೇನು?" ಎಂದು ತುಳಸವ್ವ ಕೇಳಿದಳು.

"ಇಲ್ಲ."

ಅವಳು ಸೊಸೆಯ ಕಡೆ ನೋಡಿದಳು. ಭಾಗ್ಯಾ ಹಣೆ ಎತ್ತಿರಲಿಲ್ಲ.

"ಆಕಿ ನಡು ದಾರ್ಯಾಗ ನಿಂದರಬಾರ್ದು. ತಗಿ." ಅಷ್ಟು ಹೇಳಿ ಒಲೆಯ ಕಡೆ ಹೋದಳು.

ಮೂರನೆಯದೂ ಟಕ್ ಎಂದಿತು. ಎಂಜಿನ್ನು ಹಾಲು ಕಾಯುವ ಹಾಗೆ ಸಣ್ಣಗೆ ಸುಂಯ್ ಎನ್ನತೊಡಗಿತು. ಒಂದು ಸುತ್ತು ನೋಡಿ ಬರುತ್ತೇನೆ ಎಂದು ಭಾಗ್ಯಾ ಹೋದಳು. ಗಾಳಿಗೆ ಹೊಡೆದುಕೊಳ್ಳದಿರಲೆಂದು ಅವನು ಗೇಟಿಗೆ ಚಿಲಕ ಹಾಕಿದ. ಉಣ್ಣೆ ಕಟ್ಟಿದ ವಾಯರ್ ಕೈಯಲ್ಲೇ ಇತ್ತು; ಎಸೆಯಬೇಕೆಂದೂ ಇಡಬೇಕೆಂದೂ ಅನ್ನಿಸಲಿಲ್ಲ.

ಸ್ವಲ್ಪ ಹೊತ್ತಿಗೆ ಕಾರು ತಿರುವು ದಾಟಿ ಗೇಟಿನ ಹೊರಗೆ ಬಂದು ನಿಂತಿತು. ಅವ್ವನಿಗೆ ಗೊತ್ತಾಗಲಿಲ್ಲ. ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಡೆದೇ ಇತ್ತು. ಭಾಗ್ಯಾ ಹಾರ್ನಿನ ಮೇಲೆ ಕೈ ಇಟ್ಟಳು, ಒತ್ತಲಿಲ್ಲ. ವಿಜಯಕುಮಾರ ಹೋಗಿ ಚಿಲಕ ತೆಗೆಯಬಹುದಿತ್ತು. ಹೋಗಲಿಲ್ಲ. ಬದಲಿಗೆ ಗಂಟಲಲ್ಲಿ ಏನೋ ಸರಿದಾಡಿತು. ಅವನು ತಡೆಯುವುದರೊಳಗೆ ಅವನ ಬಾಯಿಂದ ಎಂಜಿನ್ನು ಎರಡು ಸಲ ಕೆಮ್ಮಿತು.

ರೊಟ್ಟಿಯ ಸಪ್ಪಳ ನಿಂತಿತು. ತುಳಸವ್ವ ಹಿಟ್ಟಿನ ಕೈಯಲ್ಲೇ ಹೊರಬಂದಳು. ಗೇಟಿನ ತನಕ ಅದೇ ಅವಸರ. ಚಿಲಕ ತೆಗೆದಾದ ಮೇಲೆ ಅದನ್ನೇ ಹಿಡಿದುಕೊಂಡು ನಿಂತಳು, ಮಗನ ಕಡೆ ತಿರುಗಲಿಲ್ಲ.

"ಅದು ಮೂರ ಸಲ ಕೆಮ್ಮತಿತ್ತು. ಮೂರನೇದು ಸಣ್ಣದು."

ಅವನು ಇನ್ನೊಮ್ಮೆ ಮಾಡಿದ. ಕಾರು ಒಳಗೆ ಬಂತು.

"ಇನ್ನೂ ಸಣ್ಣದು," ಎಂದು ತುಳಸವ್ವ ಒಳಗೆ ಹೋದಳು. ಹಂಚಿನ ಮೇಲಿನ ರೊಟ್ಟಿ ಕರಿಯಾಗಿತ್ತು.