ನಮ್ಮ ರೊಪ್ಪ, ಅವರ ರೊಪ್ಪ

ಫುಟ್‌ಬಾಲನ್ನು ಬರೀ ಬಾಯಲ್ಲಿ ಹೇಳಿಕೊಡಬೇಡಿ, ಆಟ ಕಟ್ಟಿ ಆಡಿಸಿ ಎಂದು ಚಿತ್ರದುರ್ಗದ ತರಬೇತಿಯಲ್ಲಿ ಹೇಳಿ ಕಳಿಸಿದ್ದರು. ಹಾಗೇ ಮಾಡಿದೆ. ಮಾಡಿದ್ದು ಸರಿಯೋ ತಪ್ಪೋ, ದೇವರಾಣೆ ಇವತ್ತಿಗೂ ನನಗೆ ಗೊತ್ತಾಗಿಲ್ಲ.

ಮಾರಿಕಣಿವೆ ಹತ್ತಿರದ ನಮ್ಮ ಶಾಲೆಯ ಮಕ್ಕಳೆಲ್ಲ ಕುರಿ ಸಾಕುವ ಮನೆಯವರು. ಚೆಂಡು ಕಂಡರೆ ಅಷ್ಟೂ ಜನ ಅದರ ಮೇಲೆ ಬೀಳುತ್ತಿದ್ದರು. ಹಿಂದಿನ ವರ್ಷ ಹಿರಿಯೂರಿನವರೆದುರು ಒಂದು ಗೋಲೂ ಇಲ್ಲದೆ ಸಪ್ಪೆ ಮುಖ ಹಾಕಿಕೊಂಡು ಬಂದಿದ್ದೆವು. ಹೆಡ್‌ಮಾಸ್ತರ್ ಈರಬಸಪ್ಪನವರು ಖಡಕ್ಕಾಗಿ ಹೇಳಿಬಿಟ್ಟರು: “ಈ ಸಲಾನೂ ಗೋಲ್ ಆಗ್ಲಿಲ್ಲಾಂದ್ರೆ ಚೆಂಡು ಬೀರುವಿನಾಗಿಟ್ಟು ಬೀಗ ಹಾಕ್ತೀನಿ ಮೇಷ್ಟ್ರೆ. ಖೋಖೋ ಆಡಿಸ್ರಿ.”

ನನಗೋ ಫುಟ್‌ಬಾಲ್ ಅಂದರೆ ಪ್ರಾಣ. ಹೊಸ ಆಟ ಕಟ್ಟಿದೆ. ಚೆಂಡೇ ಕುರಿಮರಿ. ಅಡ್ಡ ಬರುವವರು ತೋಳ. ತೋಳಕ್ಕೆ ಸಿಗದಂತೆ ಮರಿಯನ್ನು ಒಬ್ಬರಿಂದ ಒಬ್ಬರಿಗೆ ದಾಟಿಸಿ, ಸಂಜೆ ಕುರಿ ಕೂಡುವ ಹಾಗೆ ರೊಪ್ಪಕ್ಕೆ, ಅಂದರೆ ಕುರಿದೊಡ್ಡಿಗೆ, ಕೂಡಬೇಕು. ನಮ್ಮ ಬಯಲಿನಲ್ಲಿದ್ದದ್ದು ಒಂದೇ ಗೋಲು, ಎರಡು ಕಲ್ಲು ನೆಟ್ಟು ಮಾಡಿದ್ದು. ಅದೇ ರೊಪ್ಪ.

ಮೊದಲ ದಿನ ಯಾರೂ ಒದೆಯಲೇ ಇಲ್ಲ! “ಮರೀನ ಯಾರಾದ್ರೂ ಒದೀತಾರೇನ್ ಸಾ?” ಎಂದು ಏಳನೇ ಕ್ಲಾಸಿನ ಜಯಕ್ಕ ನನ್ನನ್ನೇ ಗದರಿದಳು. ತಲೆ ಕೆಟ್ಟುಹೋಯಿತು. “ಒದೀಬ್ಯಾಡ್ರಲೇ, ಕಾಲಾಗೆ ಮೆತ್ತಗೆ ಹೊಡ್ಕೊಂಡ್ ಹೋಗ್ರಿ!” ಎಂದು ಕೂಗಾಡಿದೆ. ಅಷ್ಟೇ ನೋಡಿ, ಚೆಂಡು ಅವರ ಕಾಲು ಬಿಡಲಿಲ್ಲ. ಹಿಂಡು ಹೊಡೆದುಕೊಂಡು ಹೋಗುವವರಂತೆ ಮುಂದೊಬ್ಬರು, ಹಿಂದೊಬ್ಬರು, ಪಕ್ಕಕ್ಕಿಬ್ಬರು ತಾವಾಗಿಯೇ ಹರಡಿಕೊಂಡರು. ನನಗೆ ಕುಣಿಯುವಷ್ಟು ಖುಷಿ.

ಪಂದ್ಯದ ದಿನ ಹಿರಿಯೂರಿನ ಮೈದಾನ ನೋಡಿ, ಆ ವರ್ಷವೇ ತಂಡಕ್ಕೆ ಸೇರಿದ್ದ ಜಯಕ್ಕ ಕಕ್ಕಾಬಿಕ್ಕಿಯಾದಳು.

“ಎಲ್ಡು ರೊಪ್ಪ ಅವೆಯಲ್ಲ ಸಾ! ನಮ್ದು ಯಾವ್ದು?”

“ಓಬಯ್ಯ ಕಾಯ್ತಾ ನಿಂತೌನಲ್ಲ, ಅದು” ಎಂದೆ. ನಮ್ಮ ಗೋಲು ಕಾಯುವವನು ಓಬಯ್ಯ. ಹೇಳಿದ್ದರಲ್ಲಿ ಸುಳ್ಳೇನಿತ್ತು?

ಆಟ ಮುಗಿಯುವ ಹೊತ್ತು. ಎರಡೂ ಕಡೆ ಗೋಲಿಲ್ಲ. ಚೆಂಡು ಜಯಕ್ಕನ ಕಾಲಿಗೆ ಸಿಕ್ಕಿತು. ಅಬ್ಬಬ್ಬಾ, ಏನು ಹೊಡೆದುಕೊಂಡು ಹೋದಳು! ಸರ್ರನೆ ತಿರುಗಿ, ಹಿರಿಯೂರಿನ ಇಬ್ಬರನ್ನು ತಪ್ಪಿಸಿ, ಸೀದಾ ಓಬಯ್ಯನ ಕಡೆಗೆ. “ಆ ಕಡೆ ಕಣೇ, ಆ ಕಡೆ!” ಎಂದು ಗಂಟಲು ಹರಿದುಕೊಂಡೆ. ಓಬಯ್ಯ ರೊಪ್ಪದ ಬಾಗಿಲು ತೆರೆದವನಂತೆ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಚೆಂಡು ಒಳಗೆ ಹೋಯಿತು.

ಈರಬಸಪ್ಪನವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. “ಭೇಷ್! ಗೋಲ್ ಆತಲ್ರೀ ಮೇಷ್ಟ್ರೆ! ಚೆಂಡು ನಿಮ್ಮತ್ರಾನೇ ಇರ್ಲಿ ಬಿಡ್ರಿ.”

ಗೋಲು ಆಗಿದ್ದು ನಮಗಲ್ಲ ಎಂದು ಹೇಳಲೋ, ಬಾಯಿ ಮುಚ್ಚಿಕೊಂಡಿರಲೋ? ನಗಬೇಕೋ ಅಳಬೇಕೋ ತಿಳಿಯದೆ ನಿಂತಿದ್ದಾಗ ಜಯಕ್ಕ ಏದುಸಿರು ಬಿಡುತ್ತಾ ಓಡಿ ಬಂದಳು.

“ನಮ್ ರೊಪ್ಪಕ್ಕೇ ಕೂಡ್ದೆ ಸಾ!”

“ಅವರ ರೊಪ್ಪಕ್ಕೆ ಕೂಡ್ಬೇಕಿತ್ತು ಕಣವ್ವಾ.”

“ನಮ್ ಮರೀನ ಅವರ ರೊಪ್ಪಕ್ಕಾ? ಯಾಕ್ ಸಾ?”

ಯಾಕೆ? ತಡಬಡಾಯಿಸಿ, “ಹೋಗ್ಲಿ, ನಾಳೆಯಿಂದ ಚೆಂಡು ಮರಿಯಲ್ಲ, ತೋಳ. ತೋಳಾನ ಅವರ ರೊಪ್ಪಕ್ಕೆ ಬಿಡಾಣ” ಎಂದೆ.

ಅವಳ ಮುಖ ಬಾಡಿಹೋಯಿತು. ಹಿರಿಯೂರಿನ ಮಕ್ಕಳತ್ತ ತಿರುಗಿ ನೋಡಿದಳು.

“ಅವರ ಕುರಿ ಏನ್ ಮಾಡಿದ್ವು ಸಾ, ಪಾಪ?”