ತನ್ಮಯಿಯ ಚಾರ್ಟಿನಲ್ಲಿದ್ದ ಹನ್ನೊಂದು ಹೆಸರು

ನಿಮ್ಮ ಮನೆಯಲ್ಲಿ ಐದನೇ ಕ್ಲಾಸಿನ ಮಗುವಿದ್ದರೆ ಈ ಮಾತು ನಿಮಗೆ ಹೊಸದಲ್ಲ: "ಅಮ್ಮಾ, ನಾಳೆ ಪ್ರಾಜೆಕ್ಟ್ ಕೊಡ್ಬೇಕು."

ಆಮೇಲೆ ಏನಾಗುತ್ತದೆ ಎಂಬುದೂ ನಿಮಗೆ ಗೊತ್ತು. ಮಗು ಊಟ ಮಾಡಿ ಟಿವಿ ಮುಂದೆ ಕೂರುತ್ತದೆ. ಅಮ್ಮ ನೆಲದ ಮೇಲೆ ಕೂತು ಥರ್ಮೊಕೋಲ್ ಕತ್ತರಿಸುತ್ತಾಳೆ. ಅಪ್ಪ ಪ್ರಿಂಟ್ ತೆಗೆಸಲು ಓಡುತ್ತಾನೆ. ಇಬ್ಬರಿಗೂ ಪುರುಸೊತ್ತಿಲ್ಲ ಎಂದರೆ ಅಂಗಡಿ ಇದ್ದೇ ಇದೆ. ನಮ್ಮ ಶಾಲೆಯ ಹತ್ತಿರ ಪೆನ್ಸಿಲ್, ನೋಟ್‌ಬುಕ್ ಮಾರುವ ಅಂಗಡಿಯವರು ಪ್ರಾಜೆಕ್ಟನ್ನೂ ಮಾಡಿ ಕೊಡುತ್ತಾರೆ. ಬೆಳಿಗ್ಗೆ ವಿಷಯ ಹೇಳಿ ಹೋದರೆ ಸಂಜೆಗೆ ತಯಾರು. ಮಗುವಿನ ಹೆಸರು, ರೋಲ್ ನಂಬರ್ ಕೂಡ ಅವರೇ ಅಂಟಿಸುತ್ತಾರೆ. ಮಗು ಹೊತ್ತುಕೊಂಡು ಬಂದರೆ ಸಾಕು.

ನಾನು ರೇಣುಕಾ. ಊರು ಧಾರವಾಡ. ಹತ್ತೊಂಬತ್ತು ವರ್ಷಗಳಿಂದ ಕೋಲ್ಕತ್ತಾದಲ್ಲಿದ್ದೇನೆ. ಇಲ್ಲಿನ ಕಸ್ಬಾ ಬಡಾವಣೆಯ ಒಂದು ಶಾಲೆಯಲ್ಲಿ ಐದನೇ ಕ್ಲಾಸಿಗೆ ಪಾಠ ಮಾಡುತ್ತೇನೆ. ಇಲ್ಲಿನ ನಮ್ಮ ಕನ್ನಡದ ಅಪ್ಪ ಅಮ್ಮಂದಿರು ಓದಲಿ ಎಂದು ಈ ಕಥೆ ಬರೆದಿದ್ದೇನೆ. "ಸ್ವಲ್ಪ ಸಮಾಧಾನದಿಂದ ಬರೀರಿ ಮೇಡಂ" ಎಂದು ಕನ್ನಡ ಸಂಘದವರು ಹೇಳಿದ್ದರು. ಪ್ರಯತ್ನ ಮಾಡಿದೆ, ಆಗಲಿಲ್ಲ.

ಕಳೆದ ವರ್ಷ ಏಪ್ರಿಲ್‌ನಲ್ಲಿ ನನ್ನ ಕ್ಲಾಸಿಗೆ ತನ್ಮಯಿ ಎಂಬ ಹುಡುಗಿ ಸೇರಿದಳು. ಮೈಸೂರಿನವರು. ತಂದೆ ಜಯತೀರ್ಥ ಜಾದವ್‌ಪುರ ವಿಶ್ವವಿದ್ಯಾಲಯದಲ್ಲಿ ಎಂಎಸ್ಸಿಗೆ ಪಾಠ ಮಾಡುತ್ತಾರೆ. ತಾಯಿ ಪ್ರಿಯಂವದಾ ಐಟಿ ಕಂಪನಿಯಲ್ಲಿದ್ದಾರೆ, ಮಧ್ಯಾಹ್ನದ ಶಿಫ್ಟ್. ಹುಡುಗಿಗೆ ಬಂಗಾಳಿ ಒಂದಕ್ಷರ ಬಾರದು. ಎರಡು ತಿಂಗಳು ಕ್ಲಾಸಿನಲ್ಲಿ ಬಾಯಿ ಬಿಡಲಿಲ್ಲ. ಹೆಸರು ಕೂಗಿದರೆ ಎದ್ದು ನಿಲ್ಲುವಳು, ಅಷ್ಟೇ.

ನನ್ನ ಕ್ಲಾಸಿನಲ್ಲಿ ಒಂದು ಪದ್ಧತಿ ಇದೆ. ಮಕ್ಕಳು ನಾಲ್ಕು ನಾಲ್ಕು ಜನರ ಗುಂಪು ಮಾಡಿಕೊಂಡು, ಶಾಲೆಯ ಸುತ್ತಮುತ್ತ ದುಡಿಯುವವರನ್ನು ವರ್ಷವಿಡೀ ಮಾತಾಡಿಸಬೇಕು. ಮೀನು ಮಾರುವವರು, ಇಸ್ತ್ರಿ ಮಾಡುವವರು, ಯಾರಾದರೂ ಆದೀತು. ಕೇಳಿದ್ದನ್ನು ಬರೆಯಬೇಕು, ಚಿತ್ರ ಮಾಡಬೇಕು. ಫೆಬ್ರವರಿಯಲ್ಲಿ ಪ್ರದರ್ಶನ. ತನ್ಮಯಿಯ ಗುಂಪಿನಲ್ಲಿ ಸಬೀಹಾ, ಪೌಲಮಿ, ಅರ್ಕ ಇದ್ದರು. ಅವರು ಆರಿಸಿಕೊಂಡದ್ದು ಶಾಲೆಯ ಗೇಟಿನ ಎದುರಿಗಿರುವ ಆಟೋ ಸ್ಟ್ಯಾಂಡ್. ಇಲ್ಲಿಯ ಆಟೋ ನಮ್ಮ ಕಡೆಯಂತೆ ಕರೆದಲ್ಲಿಗೆ ಬರುವುದಿಲ್ಲ. ಒಂದೇ ದಾರಿಯಲ್ಲಿ ಹೋಗಿ ಬರುತ್ತದೆ, ನಾಲ್ಕು ಜನ ತುಂಬಿದ ಮೇಲೆ ಹೊರಡುತ್ತದೆ. ಅದಕ್ಕೊಂದು ಸಾಲು, ಆ ಸಾಲಿಗೊಬ್ಬ ಹಿರಿಯ. ಅವರ ಹೆಸರು ಸುಬಲ್. ಮಕ್ಕಳಿಗೆಲ್ಲ ಸುಬಲ್ ಕಾಕು, ಅಂದರೆ ಚಿಕ್ಕಪ್ಪ.

ಜೂನ್‌ನಿಂದ ಪ್ರತಿ ಶುಕ್ರವಾರ ಕೊನೆಯ ಪಿರಿಯಡ್‌ನಲ್ಲಿ ನಾಲ್ವರನ್ನೂ ನಾನೇ ಸ್ಟ್ಯಾಂಡಿಗೆ ಕರೆದೊಯ್ದೆ. ಮಳೆಗಾಲದಲ್ಲಿ ಕಸ್ಬಾದ ರಸ್ತೆಯಲ್ಲಿ ಮೊಣಕಾಲುದ್ದ ನೀರು ನಿಂತಾಗ ಎಂಜಿನ್ನಿಗೆ ನೀರು ನುಗ್ಗದಂತೆ ಏನು ಮಾಡುತ್ತಾರೆ ಎಂದು ಕೇಳಿ ಬರೆದುಕೊಂಡರು. ದುರ್ಗಾ ಪೂಜೆಯ ರಜೆ ಮುಗಿದ ಮೇಲೆ ಒಂದು ದಿನ ತನ್ಮಯಿ ತಾನಾಗಿಯೇ ಸುಬಲ್ ಕಾಕುವಿನ ಮುಂದೆ ನಿಂತು, ನೀವು ಆಟೋ ಓಡಿಸಲು ಶುರುಮಾಡಿ ಎಷ್ಟು ವರ್ಷವಾಯಿತು ಎಂದು ಕೇಳಿದಳು. ಕೇಳಿದ್ದು ಬಂಗಾಳಿಯಲ್ಲಿ! ನನಗೆ ಕಣ್ಣು ತುಂಬಿ ಬಂತು. ಸುಬಲ್ ಕಾಕು ಮಾತ್ರ ಇದರಲ್ಲೇನು ವಿಶೇಷ ಎನ್ನುವ ಹಾಗೆ, "ಮೂವತ್ತೊಂದು" ಎಂದರು.

ಚಾರ್ಟ್ ತಯಾರಾಯಿತು. ಸ್ಟ್ಯಾಂಡಿನ ನಕ್ಷೆ, ನೀರಿನ ನಲ್ಲಿ, ನೆರಳಿನ ಜಾಗ, ಹನ್ನೊಂದು ಆಟೋಗಳು. ಆಟೋಗಳು ಒಂದೊಂದು ಒಂದೊಂದು ಗಾತ್ರ, ಒಂದಕ್ಕೆ ಚಕ್ರವೇ ನಾಲ್ಕು. ಒಂದೊಂದರ ಕೆಳಗೂ ಚಾಲಕನ ಹೆಸರು, ಬಂಗಾಳಿಯಲ್ಲಿ. ಇಂಗ್ಲಿಷಿನಲ್ಲಿ ಬರೆದರೆ ಅವರಲ್ಲಿ ಕೆಲವರಿಗೆ ಓದಲು ಬರುವುದಿಲ್ಲ ಎಂದು ಮಕ್ಕಳೇ ತೀರ್ಮಾನಿಸಿದ್ದರು. ಪೌಲಮಿ ಅಕ್ಷರ ಹೇಳಿಕೊಟ್ಟಳು. ಹನ್ನೊಂದು ಹೆಸರನ್ನೂ ಬರೆದವಳು ತನ್ಮಯಿ. ಅವಳು ಜೀವನದಲ್ಲಿ ಬರೆದ ಮೊದಲ ಬಂಗಾಳಿ ಅದು.

ಪ್ರದರ್ಶನ ಶುಕ್ರವಾರ ಇತ್ತು. ಬಣ್ಣ ತುಂಬುವುದು ಸ್ವಲ್ಪ ಉಳಿದಿತ್ತು ಎಂದು ಬುಧವಾರ ತನ್ಮಯಿ ಚಾರ್ಟನ್ನು ಮನೆಗೆ ಒಯ್ದಳು, ಮುಗಿಸಿದಳು. ಗುರುವಾರ ಬೆಳಿಗ್ಗೆ ಪ್ರಿಯಂವದಾ ಅದನ್ನು ನೋಡಿದರು. ಸೊಟ್ಟ ಆಟೋ, ಒರೆಸಿ ಮಸಿಯಾದ ಗೆರೆ, ಮೇಲೆ ಕೆಳಗೆ ಓಡುವ ಅಕ್ಷರ. ಆ ಅಕ್ಷರ ಅವರಿಗೆ ಓದಲು ಬರುವುದಿಲ್ಲ. ಏನು ಬರೆದಿದ್ದೀಯ ಎಂದು ಮಗಳನ್ನು ಕೇಳಲೂ ಇಲ್ಲ. "ಲ್ಯಾಮಿನೇಷನ್ ಮಾಡಿಸ್ತೀನಿ ಪುಟ್ಟಾ, ನೀನು ಸ್ಕೂಲಿಗೆ ಹೋಗು" ಎಂದು ಹೇಳಿ, ಚಾರ್ಟನ್ನು ಸುತ್ತಿಕೊಂಡು ಅಂಗಡಿಗೆ ಹೋದರು. ಸಂಜೆ ಜಯತೀರ್ಥ ಅಲ್ಲಿಂದ ಕಾಗದ ಸುತ್ತಿದ ದೊಡ್ಡ ಬೋರ್ಡ್ ತಂದರು. ಬಿಚ್ಚಿದರೆ ಹಾಳಾಗುತ್ತದೆ ಎಂದು ಮಗಳಿಗೆ ತೋರಿಸಲಿಲ್ಲ.

ಬಿಚ್ಚಿದ್ದು ಶಾಲೆಯ ಹಾಲ್‌ನಲ್ಲಿ. ಥರ್ಮೊಕೋಲಿನ ಹಸಿರು ಹಳದಿ ಆಟೋ, ಮುಂದೆ ಉರಿಯುವ ಎರಡು ಪುಟ್ಟ ದೀಪ. ಪಕ್ಕದಲ್ಲಿ ಇಂಟರ್ನೆಟ್ಟಿನಿಂದ ಇಳಿಸಿದ ಇಂಗ್ಲಿಷ್ ಅಚ್ಚು ಅಕ್ಷರ: ತ್ರಿಚಕ್ರ ವಾಹನದ ಇತಿಹಾಸ, ತ್ರಿಚಕ್ರ ವಾಹನದ ಉಪಯೋಗ.

ನಾಲ್ಕು ಮಕ್ಕಳೂ ನಿಂತಲ್ಲೇ ನಿಂತರು. "ನಮ್ಮದೆಲ್ಲಿ?" ಎಂದು ಸಬೀಹಾ ಕೇಳಿದಳು. ತನ್ಮಯಿ ಬಿಚ್ಚಿದ ಕಾಗದದೊಳಗೆಲ್ಲ ಹುಡುಕಿದಳು.

ಅಷ್ಟರಲ್ಲಿ ಸುಬಲ್ ಕಾಕು ಬಂದರು. ಮಕ್ಕಳು ಕೈಯಾರೆ ಆಮಂತ್ರಣ ಬರೆದು ಕೊಟ್ಟಿದ್ದರು. ಅವರು ಖಾಕಿ ಬಿಟ್ಟು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು, ತಲೆಗೆ ನೀರು ಹಚ್ಚಿ ಬಾಚಿದ್ದರು. ಜೊತೆಗೆ ಇನ್ನೂ ಮೂವರು. ಸುಬಲ್ ಕಾಕು ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು, ಬೋರ್ಡಿನ ಮೇಲೆ ಬೆರಳಿಟ್ಟು ಮೇಲಿನಿಂದ ಕೆಳಗಿನವರೆಗೆ ಹುಡುಕಿದರು. ಬಗ್ಗಿ ಬೋರ್ಡಿನ ಹಿಂಬದಿಯನ್ನೂ ನೋಡಿದರು. ತಮ್ಮ ಹೆಸರು ಸಿಗಲಿಲ್ಲ. ಕನ್ನಡಕ ತೆಗೆದು ಮಡಿಸಿ, "ತುಂಬಾ ಚೆನ್ನಾಗಿದೆ, ಟ್ರಿಪ್ಪಿಗೆ ಹೊತ್ತಾಯ್ತು" ಎಂದು ಹೇಳಿ ಹೊರಟುಹೋದರು. ಅವರು ಬೈದಿದ್ದರೂ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ಇಷ್ಟರ ಮೇಲೆ ಮೊದಲ ಬಹುಮಾನ ಯಾವುದಕ್ಕೆ ಬಂತು ಹೇಳಿ? ಅದೇ ಬೋರ್ಡಿಗೆ! ಹೊರಗಿನಿಂದ ಬಂದ ತೀರ್ಪುಗಾರರಿಗೆ ನಡೆದದ್ದು ಗೊತ್ತಿಲ್ಲ, ಹೆಸರು ಕೂಗಿದರು. ತನ್ಮಯಿ ವೇದಿಕೆಗೆ ಹೋಗಲಿಲ್ಲ. "ಮಿಸ್, ಇದು ನಮ್ಮದಲ್ಲ" ಎಂದಳು, ಎಲ್ಲರಿಗೂ ಕೇಳಿಸುವ ಹಾಗೆ. ಸಬೀಹಾ ಬೇರೆ ಬೆಂಚಿಗೆ ಹೋಗಿ ಕೂತಳು. ಪೌಲಮಿ ಅಳುತ್ತಿದ್ದಳು. ಒಂದು ವರ್ಷ ಕಷ್ಟಪಟ್ಟು ಕಟ್ಟಿದ್ದು ಒಂದು ಗಂಟೆಯಲ್ಲಿ ಮುರಿದುಬಿತ್ತು.

ಶನಿವಾರ ಬೆಳಿಗ್ಗೆ ನಾನು ಅವರ ಫ್ಲ್ಯಾಟಿಗೆ ಹೋದೆ. ತನ್ಮಯಿ ಬಾಲ್ಕನಿಯಲ್ಲಿದ್ದಳು.

"ಕೂತ್ಕೊಳಿ ಮೇಡಂ, ಕಾಫಿ ಮಾಡ್ತೀನಿ" ಎಂದರು ಪ್ರಿಯಂವದಾ.

"ಕಾಫಿ ಆಮ್ಯಾಲ ಕುಡೀತೀನ್ರಿ. ಮೊದಲ ಹೇಳ್ರಿ, ಹುಡುಗೂರ ಚಾರ್ಟ್ ಎಲ್ಲೈತಿ?"

"ಅಂಗಡೀಲೇ ಬಿಟ್ಟು ಬಂದೆ. ಅಲ್ಲ ಮೇಡಂ, ಎಲ್ರೂ ಮಾಡ್ಸಲ್ವಾ? ಪಕ್ಕದ ಫ್ಲ್ಯಾಟ್‌ನೋರು ಮೂರನೇ ಕ್ಲಾಸಿಂದ ಮಾಡಿಸ್ತಿದಾರೆ. ನನ್ನ ಮಗಳೊಬ್ಳೇ ಸೊಟ್ಟ ಚಾರ್ಟ್ ಹಿಡ್ಕೊಂಡು ನಿಂತ್ರೆ ಎಲ್ರೂ ನಗಲ್ವಾ? ಅವಳಿಗೆ ಅವಮಾನ ಆಗ್ಬಾರ್ದು ಅಂತಲೇ ಮಾಡಿದ್ದು ನಾನು."

"ಅವಮಾನ ಆತಲ್ರೀ ನಿನ್ನೆ! ಅದಕ್ಕಿಂತಾ ದೊಡ್ಡ ಅವಮಾನ ಬೇಕೇನು? ಬಹುಮಾನಾ ಕೊಡ್ತೀವಿ ಬಾ ಅಂದ್ರ ಹುಡುಗಿ ತಲಿ ತಗ್ಗಿಸಿ ನಿಂತಿದ್ಲು. ಆಕಿ ಮಾಡಿದ್ದು ಕಸಾ, ಅಂಗಡ್ಯಾವ್ರು ಮಾಡಿದ್ದು ಬಂಗಾರ ಅಂತ ನೀವ ಆಕಿಗೆ ಕಲಿಸಿದ್ರಿ."

"ಮಾರ್ಕ್ಸ್ ಕೊಡೋರು ನೀವಲ್ವಾ ಮೇಡಂ? ನೀಟ್‌ನೆಸ್‌ಗೆ ಹತ್ತಕ್ಕೆ ಐದು ಅಂತ ನಿಮ್ಮ ಸರ್ಕ್ಯುಲರ್‌ನಲ್ಲೇ ಇದೆ."

ಆ ಸರ್ಕ್ಯುಲರ್ ಬರೆದವಳು ನಾನೇ. ವರ್ಷಗಟ್ಟಲೆ ಅಂಗಡಿಯ ಥರ್ಮೊಕೋಲ್ ನೋಡಿ, ಗೊತ್ತಿದ್ದೂ ಗೊತ್ತಿಲ್ಲದವರ ಹಾಗೆ ಹತ್ತಕ್ಕೆ ಒಂಬತ್ತು ಕೊಟ್ಟವಳೂ ನಾನೇ. ನನ್ನ ಸಿಟ್ಟಿನಲ್ಲಿ ಅರ್ಧ ನನ್ನ ಮೇಲಿತ್ತು.

"ಖರೆ ಐತ್ರಿ" ಎಂದೆ. "ಅದು ನನ್ನ ತಪ್ಪು. ಸೋಮವಾರ ಹೆಡ್ ಮಿಸ್ ಮುಂದ ನಿಂತು ಅದನ್ನ ತಗಸ್ತೀನಿ. ನಿಮ್ಮ ತಪ್ಪಿಗೆ ನೀವೇನು ಮಾಡ್ತೀರಿ, ಹೇಳ್ರಿ."

ಪಕ್ಕದಲ್ಲೇ ಕೂತಿದ್ದ ಜಯತೀರ್ಥ ಮಾತಿಗೆ ಬಂದರು. "ನನ್ನ ಎಂಎಸ್ಸಿ ಹುಡುಗರು ಇಂಟರ್ನೆಟ್ ನೋಡಿ ರಿಪೋರ್ಟ್ ಕಾಪಿ ಹೊಡೀತಾರೆ ಅಂತ ದಿನಾ ಮನೇಗೆ ಬಂದು ಬೈತೀನಿ. ಗುರುವಾರ ಆ ಬೋರ್ಡನ್ನ ನಾನೇ ಹೊತ್ಕೊಂಡು ಬಂದೆ ನೋಡಿ. ಒಂದ್ಸಲನೂ ಹೊಳೀಲಿಲ್ಲ ನಂಗೆ."

ನಾನು ತನ್ಮಯಿಯನ್ನು ಕರೆದೆ. "ಬಾ ಇಲ್ಲೆ. ಮಧ್ಯಾಹ್ನ ಎರಡೂವರಿಗೆ ಆಟೋ ಸಾಲು ಯಾಕ ನಿಲ್ಲತೈತಿ, ಅವ್ವಗ ಹೇಳು."

ಪ್ರಿಯಂವದಾ ನಡುವೆ ಬಾಯಿ ಹಾಕಿದರು. "ಅದು ನಂಗೊತ್ತು. ದಿನಾ ಆಫೀಸಿಗೆ ಹೋಗುವಾಗ ನೋಡ್ತೀನಲ್ಲ. ಸೀಟ್ ತುಂಬಿದ್ರೂ ಹತ್ತು ನಿಮಿಷ ಹಾಗೇ ನಿಲ್ಸಿರ್ತಾರೆ. ಏನು ಕೊಬ್ಬು ಅಂತೀರಾ!"

"ಇಲ್ಲ ಅಮ್ಮಾ" ಎಂದಳು ತನ್ಮಯಿ. ಮೆಲ್ಲಗೆ ಶುರು ಮಾಡಿದಳು. "ಆವಾಗ ನಮ್ ಸ್ಕೂಲ್ ಬಿಡತ್ತೆ. ಲಾಂಗ್ ಅಗೋ ಒಬ್ಬ ಬಾಯ್ ರೋಡ್ ಕ್ರಾಸ್ ಮಾಡೋವಾಗ ಆಟೋಗೆ ಆಲ್ಮೋಸ್ಟ್ ಸಿಕ್ಕಿಬಿಟ್ಟಿದ್ದ. ಅವತ್ತು ಸುಬಲ್ ಕಾಕು ಎಲ್ರನ್ನೂ ಕರ್ದು, ಸ್ಕೂಲ್ ಬಿಡುವಾಗ ಟೆನ್ ಮಿನಿಟ್ಸ್ ಯಾರೂ ಗಾಡಿ ತೆಗೀಬಾರ್ದು ಅಂದ್ರಂತೆ. ಪೊಲೀಸ್ ಹೇಳಿಲ್ಲ. ಸ್ಕೂಲೂ ಹೇಳಿಲ್ಲ. ಅವ್ರೇ ಮಾಡಿದ್ದು. ಅದಕ್ಕೇ ನಾವು ಮ್ಯಾಪ್‌ನಲ್ಲಿ ಆ ಜಾಗಕ್ಕೆ ಯೆಲ್ಲೋ ಕಲರ್ ಹಾಕಿದ್ವಿ. ಹೆಸರೂ ಬರ್ದಿದ್ವಿ. ನೀನು ಕೇಳ್ಲೇ ಇಲ್ಲ."

ಕೊಬ್ಬು ಎಂದು ಪ್ರಿಯಂವದಾ ಬೈದುಕೊಂಡು ಕೂತ ಆ ಹತ್ತು ನಿಮಿಷ ದಿನವೂ ರಸ್ತೆ ದಾಟುತ್ತಿದ್ದವಳು ಅವರ ಮಗಳೇ. ಅವರು ಒಳಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡು ಬಂದರು. "ನಡೀರಿ ಮೇಡಂ, ಅಂಗಡಿಗೆ ಹೋಗೋಣ" ಎಂದರು.

ಅಂಗಡಿಯವರು ಚಾರ್ಟನ್ನು ಎಸೆದಿರಲಿಲ್ಲ. ಅದರಲ್ಲಿ ಅರ್ಧ ಕತ್ತರಿಸಿ ಇನ್ಯಾವುದೋ ಮಗುವಿನ ಪ್ರಾಜೆಕ್ಟಿನ ಹಿಂಬದಿಗೆ ಅಂಟಿಸಿ ಕಳಿಸಿದ್ದರು. ಉಳಿದರ್ಧ ಮೂಲೆಯಲ್ಲಿತ್ತು. ಏಳು ಆಟೋ, ಏಳು ಹೆಸರು. ಪ್ರಿಯಂವದಾ ಅದನ್ನು ಎದೆಗವಚಿಕೊಂಡು ಅಂಗಡಿಯ ಮೆಟ್ಟಿಲ ಮೇಲೆಯೇ ಕೂತುಬಿಟ್ಟರು. "ನಂಗೆ ಓದೋಕ್ಕೂ ಬರ್ದೇ ಇರೋದನ್ನ ಬಿಸಾಕ್ಬಿಟ್ಟೆ" ಎಂದರು.

ಸೋಮವಾರ ಬೆಳಿಗ್ಗೆ ತನ್ಮಯಿ ಆ ಅರ್ಧ ಚಾರ್ಟನ್ನು ಸಬೀಹಾಳ ಬೆಂಚಿನ ಮೇಲಿಟ್ಟು, ನಡೆದದ್ದನ್ನೆಲ್ಲ ಬಂಗಾಳಿಯಲ್ಲಿ ಹೇಳಿದಳು. ಸಬೀಹಾ ಸರಿದು ಜಾಗ ಕೊಟ್ಟಳು. ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ನಾಲ್ವರೂ ಹೊಸ ಹಾಳೆ ಹಿಡಿದು ಸ್ಟ್ಯಾಂಡಿಗೆ ಹೋದರು. ಪ್ರಿಯಂವದಾ ರಜೆ ಹಾಕಿ ಬಂದಿದ್ದರು. ಮೊದಲು ಸುಬಲ್ ಕಾಕುವಿನ ಹತ್ತಿರ ಹೋಗಿ, ತಮಗೆ ಬರುವ ಹಿಂದಿಯಲ್ಲಿ, ತಪ್ಪು ಮಕ್ಕಳದಲ್ಲ, ನನ್ನದು ಎಂದರು.

ಕಳೆದುಹೋದ ನಾಲ್ಕು ಹೆಸರಿನಲ್ಲಿ ಸುಬಲ್ ಕಾಕುವಿನದೂ ಒಂದು. ಅವರು ಆಟೋದ ಹಿಂದಿನ ಸೀಟಿನ ಮೇಲೆ ಹಾಳೆ ಹಾಸಿ, ತನ್ಮಯಿಗೆ ತಮ್ಮ ಹೆಸರನ್ನು ನಿಧಾನವಾಗಿ ಹೇಳಿದರು. ಅವಳು ನಾಲಿಗೆ ಕಚ್ಚಿಕೊಂಡು ಬರೆದಳು. ಗೆರೆ ಈ ಸಲವೂ ಸೊಟ್ಟವೇ. ಪ್ರಿಯಂವದಾ ಸ್ಕೇಲ್ ಎತ್ತಿಕೊಳ್ಳಲು ಕೈ ಮುಂದೆ ಮಾಡಿದರು. ನಾನು ನೋಡಿದೆ. ಅವರೂ ನನ್ನನ್ನು ನೋಡಿ ನಕ್ಕು, ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತರು.

ಎರಡು ಹಾಳೆ ಅಂಟಿಸಿದ ಆ ಚಾರ್ಟ್ ಈಗ ಸ್ಟ್ಯಾಂಡಿನ ತಗಡಿನ ಗೋಡೆಯ ಮೇಲಿದೆ. ನಮ್ಮ ಶಾಲೆಯ ಸರ್ಕ್ಯುಲರ್‌ನಲ್ಲಿ ನೀಟ್‌ನೆಸ್ ಎಂಬ ಮಾತು ಈಗಿಲ್ಲ. ಪ್ರಾಜೆಕ್ಟ್ ಕೆಲಸ ಪೂರ್ತಿ ಕ್ಲಾಸಿನಲ್ಲೇ ನಡೆಯುತ್ತದೆ. ಇದಕ್ಕಾಗಿ ನಾನು ಮೂರು ಮೀಟಿಂಗಿನಲ್ಲಿ ಜಗಳ ಆಡಿದ್ದೇನೆ, ಬೇಕಾದರೆ ನಾಲ್ಕನೆಯದರಲ್ಲೂ ಆಡುತ್ತೇನೆ.

ಇನ್ನು ನಿಮ್ಮ ಸರದಿ. ಈ ವರ್ಷ ನಿಮ್ಮ ಮಗು ಪ್ರಾಜೆಕ್ಟ್ ಎಂದು ಬಂದರೆ ಹಾಳೆ ಕೊಡಿ, ಬಣ್ಣ ಕೊಡಿ, ಒಂದು ವಾರ ಮೊದಲೇ ನೆನಪು ಮಾಡಿ. ಯಾರನ್ನಾದರೂ ಕೇಳಿ ಬರಬೇಕಿದ್ದರೆ ಜೊತೆಗೆ ಹೋಗಿ. ಕತ್ತರಿಯನ್ನು ಮಾತ್ರ ಮುಟ್ಟಬೇಡಿ, ಅಂಗಡಿಯ ದಾರಿ ಹಿಡಿಯಬೇಡಿ. ಅಂದಕ್ಕೆ ಮಾರ್ಕ್ಸ್ ಕೊಡುವ ಶಾಲೆಯಾದರೆ ಸುಮ್ಮನಿರಬೇಡಿ, ಪೇರೆಂಟ್ಸ್ ಮೀಟಿಂಗಿನಲ್ಲಿ ಎದ್ದು ನಿಂತು ಕೇಳಿ. ಟೀಚರಿಗೆ ಬೇಜಾರಾದರೆ ಆಗಲಿ, ನಮಗೆ ಅದು ಬೇಕಾಗಿದೆ.

ಮತ್ತೆ, ನಿಮಗೆ ಓದಲು ಬಾರದ ಸೊಟ್ಟ ಅಕ್ಷರ ಆ ಹಾಳೆಯಲ್ಲಿ ಕಂಡರೆ, ಕೈ ಬೆನ್ನ ಹಿಂದೆ ಕಟ್ಟಿಕೊಂಡು ಮಗುವಿನ ಪಕ್ಕ ಕೂತು ಇಷ್ಟೇ ಕೇಳಿ: "ಇದು ಯಾರ ಹೆಸರು, ಪುಟ್ಟಾ?"